ಸ್ಲೋ ಕುಕ್ಕರ್ ಬೇಕಾ, ಇರುವ ಕುಕ್ಕರೇ ಸಾಕಾ?

ಸ್ಲೋ ಕುಕ್ಕರ್, ಅಂದರೆ ಮೆಲ್ಲಗಿನ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ, ಕೊಳ್ಳಬೇಕೇ ಬೇಡವೇ ಎಂಬುದಕ್ಕೆ ಉತ್ತರ ಅಡುಗೆಮನೆಗಿಂತ ಹೆಚ್ಚಾಗಿ ನಿಮ್ಮ ದಿನಚರಿಯಲ್ಲಿದೆ. ಅದು ಬೇಯಿಸುವುದನ್ನೆಲ್ಲ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಿಟ್ಟು ಬೇಯಿಸಬಹುದು. ಅದರಲ್ಲಿ ಬಹುಪಾಲನ್ನು ಪ್ರೆಷರ್ ಕುಕ್ಕರ್ ಒಂದು ಗಂಟೆಯೊಳಗೆ ಮುಗಿಸಿಕೊಡುತ್ತದೆ. ಸ್ಲೋ ಕುಕ್ಕರ್‌ನಿಂದ ಸಿಗುವ ಸೌಕರ್ಯ ಒಂದೇ: ಮನೆಯಲ್ಲಿ ಯಾರೂ ಇಲ್ಲದ ಏಳೆಂಟು ಗಂಟೆ ಒಲೆ ಕಾಯುವ ಕೆಲಸವನ್ನು ಅದು ವಹಿಸಿಕೊಳ್ಳುತ್ತದೆ. ಅಂಥ ಏಳೆಂಟು ಗಂಟೆ ನಿಮ್ಮ ದಿನದಲ್ಲಿ ಇಲ್ಲದಿದ್ದರೆ, ಅಥವಾ ವಾರಕ್ಕೆ ಎರಡು ಸಲವಾದರೂ ರಸದಲ್ಲಿ ನಿಧಾನವಾಗಿ ಬೇಯುವ ಅಡುಗೆ ಮಾಡುವವರು ನೀವಲ್ಲದಿದ್ದರೆ, ಅದು ಮೂರು ತಿಂಗಳಲ್ಲಿ ಅಟ್ಟ ಸೇರುತ್ತದೆ.

ಒಳಗೆ ನಡೆಯುವುದೇನು

ಹೊರಗೊಂದು ಲೋಹದ ಗೂಡು, ಅದರ ಗೋಡೆಗೆ ಪಟ್ಟಿಯ ಹಾಗೆ ಸುತ್ತಿದ ಕಾಯಿಲ್, ಒಳಗೆ ಇಟ್ಟು ತೆಗೆಯಬಹುದಾದ ದಪ್ಪ ಸೆರಾಮಿಕ್ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಯಂತ್ರ ಇಷ್ಟೇ. ಶಾಖ ಹೆಚ್ಚಾಗಿ ಪಕ್ಕಗಳಿಂದ, ಅದೂ ಮೆಲ್ಲಗೆ ಬರುವುದರಿಂದ ತಳ ಹಿಡಿಯುವ ಭಯ ಕಡಿಮೆ, ಕೈಯಾಡಿಸುವ ಅಗತ್ಯವೂ ಇಲ್ಲ.

3.5 ಲೀಟರ್‌ನ ಸಾಮಾನ್ಯ ಸ್ಲೋ ಕುಕ್ಕರ್ ಎಳೆಯುವುದು ಸುಮಾರು 200 ವ್ಯಾಟ್. ಎರಡೂವರೆ ಕಿಲೋ ಅಡುಗೆಯನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 95ಕ್ಕೆ ಏರಿಸಲು ಬೇಕಾದ ಶಾಖ ಕಾಲು ಯೂನಿಟ್ ವಿದ್ಯುತ್ತಿಗಿಂತ ತುಸು ಕಡಿಮೆ. ಒಂದಿಷ್ಟೂ ಪೋಲಾಗದಿದ್ದರೆ 200 ವ್ಯಾಟ್‌ನಲ್ಲಿ ಇದಕ್ಕೆ ಒಂದು ಗಂಟೆ ಸಾಕಿತ್ತು. ಆದರೆ ಸೆರಾಮಿಕ್ ಪಾತ್ರೆಯೂ ಕಾಯಬೇಕು, ಗೋಡೆಯಿಂದಲೂ ಮುಚ್ಚಳದಿಂದಲೂ ಶಾಖ ಸೋರುತ್ತಲೇ ಇರುತ್ತದೆ. ಹಾಗಾಗಿ ಯಂತ್ರದ ಗುಂಡಿಯನ್ನು ‘ಹೈ’ನಲ್ಲಿಟ್ಟರೆ ಮೂರರಿಂದ ನಾಲ್ಕು ಗಂಟೆ, ‘ಲೋ’ದಲ್ಲಿಟ್ಟರೆ ಏಳೆಂಟು ಗಂಟೆ ಹಿಡಿಯುತ್ತದೆ.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ‘ಲೋ’ ಎಂದರೆ ಕಡಿಮೆ ಬಿಸಿ, ‘ಹೈ’ ಎಂದರೆ ಜಾಸ್ತಿ ಬಿಸಿ ಎಂದುಕೊಳ್ಳುತ್ತಾರೆ. ಬಹುತೇಕ ಮಾದರಿಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಸುಮಾರು ಒಂದೇ ಮಟ್ಟವನ್ನು, ಅಂದರೆ ಕುದಿಯುವುದಕ್ಕೆ ತುಸು ಕೆಳಗಿನ ಬಿಸಿಯನ್ನು. ಅಲ್ಲಿಗೆ ತಲುಪುವ ಹೊತ್ತು ಮಾತ್ರ ಬೇರೆ. ‘ಲೋ’ದಲ್ಲಿಟ್ಟಿದ್ದೇನೆ, ಎಷ್ಟು ಹೊತ್ತಾದರೂ ಏನೂ ಆಗುವುದಿಲ್ಲ ಎಂದು ಹನ್ನೆರಡು ಗಂಟೆ ಬಿಟ್ಟರೆ ಕೋಳಿಯ ಎದೆಭಾಗ ಹತ್ತಿಯಂತಾಗುವುದು ಇದೇ ಕಾರಣಕ್ಕೆ. ‘ವಾರ್ಮ್’ ಇವೆರಡಕ್ಕಿಂತ ಬೇರೆ. ಅದು ಬೆಂದ ಅಡುಗೆಯನ್ನು ಬಿಸಿಯಾಗಿಡಲು ಮಾತ್ರ ಇರುವುದು, ಅದರಲ್ಲಿ ಹಸಿ ಪದಾರ್ಥ ಬೇಯಿಸಬಾರದು.

ಪ್ರೆಷರ್ ಕುಕ್ಕರ್ ಎದುರು

ಮನೆಯಲ್ಲಿ ಈಗಾಗಲೇ ಪ್ರೆಷರ್ ಕುಕ್ಕರ್ ಇರುವವರಿಗೆ ನಿಜವಾದ ಹೋಲಿಕೆ ಇದು. ಒಲೆಯ ಮೇಲಿನ ಕುಕ್ಕರ್ ಒಳಗಡೆ ಸುಮಾರು 120 ಡಿಗ್ರಿ ಇರುತ್ತದೆ. ಗಟ್ಟಿ ಮಾಂಸ ಮೆತ್ತಗಾಗುವುದು ಅದರೊಳಗಿನ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಕರಗಿ ಮೆತ್ತನೆಯ ಜೆಲಟಿನ್ ಆದಾಗ. ಈ ಕೆಲಸ 70 ಡಿಗ್ರಿ ಹೊತ್ತಿಗೇ ಶುರುವಾಗಿ, ಬಿಸಿ ಏರಿದಷ್ಟೂ ಚುರುಕಾಗುತ್ತದೆ. 95 ಡಿಗ್ರಿಯಲ್ಲಿ ಗಂಟೆಗಟ್ಟಲೆ ಆಗುವುದು 120ರಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ರುಚಿಯಲ್ಲಿ ಸ್ಲೋ ಕುಕ್ಕರೇ ಮೇಲು ಎಂಬ ಮಾತನ್ನು ಪೂರ್ತಿ ನಂಬಬೇಡಿ. ಕಾಳುಗಳಲ್ಲಿ ವ್ಯತ್ಯಾಸ ಅಷ್ಟೇನೂ ಗೊತ್ತಾಗುವುದಿಲ್ಲ. ಮೂಳೆಯ ಸಾರ ತೆಗೆಯುವುದರಲ್ಲಿ ಪ್ರೆಷರ್ ಕುಕ್ಕರ್ ಒಂದು ಕೈ ಮೇಲೆಯೇ ಇದ್ದೀತು. ಸ್ಲೋ ಕುಕ್ಕರ್ ಗೆಲ್ಲುವುದು ದೊಡ್ಡ ತುಂಡಿನ ಮಾಂಸದಲ್ಲಿ. ಪ್ರೆಷರ್ ಕುಕ್ಕರ್‌ನಲ್ಲಿ ಐದೇ ನಿಮಿಷ ಹೆಚ್ಚಾದರೂ ಮಾಂಸ ಎಳೆಎಳೆಯಾಗಿ ರಸ ಕಳೆದುಕೊಳ್ಳುತ್ತದೆ, ಹಬೆಯನ್ನು ಒಮ್ಮೆಲೇ ಬಿಟ್ಟರೆ ಒಳಗೆ ಭರ್ರೆಂದು ಕುದಿದು ತುಂಡುಗಳು ಒಡೆಯುತ್ತವೆ. ಸ್ಲೋ ಕುಕ್ಕರ್‌ನಲ್ಲಿ ಅರ್ಧ ಗಂಟೆ ಆಚೀಚೆಯಾದರೂ ನಡೆಯುತ್ತದೆ. ತುಂಡು ರೂಪ ಕೆಡದೆ ಉಳಿದು, ಚಮಚ ಒತ್ತಿದರೆ ಬಿಡಿಸಿಕೊಳ್ಳುತ್ತದೆ.

ವಿದ್ಯುತ್ ಉಳಿಯುತ್ತದೆ ಎಂಬ ಜಾಹೀರಾತಿನ ಮಾತೂ ಅರ್ಧ ಸತ್ಯ. ಎಂಟು ಗಂಟೆಗೆ ಇದು ಹೆಚ್ಚುಕಡಿಮೆ 1 ಯೂನಿಟ್ ತಿನ್ನುತ್ತದೆ. ಮೂರು ಗಂಟೆ ಉರಿಸುವ ಓವನ್‌ಗೆ ಹೋಲಿಸಿದರೆ ಇದು ಕಡಿಮೆಯೇ. ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಮಾತ್ರ ಅದೇ ಅಡುಗೆಯನ್ನು ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಮುಗಿಸಿಬಿಡುತ್ತದೆ.

ಸಂಜೆ ಆರಕ್ಕೆ ಮನೆಗೆ ಬಂದು ಏಳಕ್ಕೆ ಊಟ ಬೇಕೆನ್ನುವವರಿಗೆ ಪ್ರೆಷರ್ ಕುಕ್ಕರ್ ಸರಿ. ಆರಕ್ಕೆ ಬಾಗಿಲು ತೆರೆದಾಗಲೇ ಊಟ ತಯಾರಿರಬೇಕು, ಅದಕ್ಕಾಗಿ ಬೆಳಿಗ್ಗೆ ಕಾಲು ಗಂಟೆ ಕೊಡಬಲ್ಲೆ ಎನ್ನುವವರಿಗೆ ಸ್ಲೋ ಕುಕ್ಕರ್.

ಉಳಿದ ಎದುರಾಳಿಗಳು

ಓವನ್‌ನಲ್ಲಿ ಇಟ್ಟ ದಪ್ಪ ಎರಕದ ಪಾತ್ರೆ ರುಚಿಯಲ್ಲಿ ಎಲ್ಲರನ್ನೂ ಮೀರಿಸುತ್ತದೆ. 150 ಡಿಗ್ರಿಯ ಒಣ ಗಾಳಿಯಲ್ಲಿ ಮೂರು ಗಂಟೆ ಇದ್ದಾಗ ರಸದಿಂದ ಹೊರಗೆ ಚಾಚಿದ ಭಾಗ ಕೆಂಪಗಾಗುತ್ತದೆ, ರಸವೂ ಇಂಗಿ ಗಟ್ಟಿಯಾಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಈ ಎರಡೂ ಆಗುವುದಿಲ್ಲ. ರಜೆಯ ದಿನ ಮನೆಯಲ್ಲೇ ಇರುವವರು, ಓವನ್ ಇರುವವರು ಇದನ್ನೇ ಬಳಸಲಿ.

ಪ್ರೆಷರ್ ಕುಕ್ಕರ್ ಜೊತೆಗೆ ಸ್ಲೋ ಕುಕ್ ಗುಂಡಿಯೂ ಇರುವ ಎಲೆಕ್ಟ್ರಿಕ್ ಮಲ್ಟಿಕುಕ್ಕರ್ ಆಸೆ ಹುಟ್ಟಿಸುವ ಆಯ್ಕೆ. ಅದರಲ್ಲಿ ಶಾಖ ಬರುವುದು ತಳದಿಂದ, ಪಾತ್ರೆ ತೆಳು ಉಕ್ಕಿನದು. ಹಲವು ಮಾದರಿಗಳಲ್ಲಿ ‘ಲೋ’ ಎಂಬುದು ಸಾಮಾನ್ಯ ಸ್ಲೋ ಕುಕ್ಕರ್‌ನ ‘ಲೋ’ ಮುಟ್ಟುವ ಬಿಸಿಯನ್ನು ಮುಟ್ಟುವುದೇ ಇಲ್ಲ. ಎಂಟು ಗಂಟೆ ಕಳೆದರೂ ಕ್ಯಾರೆಟ್ ಕಟಕಟ ಎನ್ನುತ್ತದೆ. ಅಂಥದ್ದು ಮನೆಯಲ್ಲಿದ್ದರೆ ಅದರ ‘ಹೈ’ಯನ್ನೇ ‘ಲೋ’ ಎಂದು ಎಣಿಸಿ ನೋಡಿ. ಒಂದೇ ಯಂತ್ರಕ್ಕೆ ಜಾಗವಿರುವ ಅಡುಗೆಮನೆಗೆ ನಮ್ಮ ಮತ ಮಲ್ಟಿಕುಕ್ಕರ್‌ಗೇ. ಆದರೆ ಅದನ್ನು ಪ್ರೆಷರ್ ಕುಕ್ಕರ್ ಎಂದುಕೊಂಡೇ ಕೊಳ್ಳಿ, ಸ್ಲೋ ಕುಕ್ ಅದರ ಜೊತೆ ಬಂದ ಕೊಸರು.

ಕುದಿಸಿದ ಪಾತ್ರೆಯನ್ನು ಶಾಖ ಸೋರದ ಗೂಡಿನಲ್ಲಿ ಮುಚ್ಚಿಡುವ ಥರ್ಮಲ್ ಕುಕ್ಕರ್‌ಗೆ ಕರೆಂಟೇ ಬೇಡ. ಆದರೆ ಮೊದಲು ಹತ್ತು-ಹದಿನೈದು ನಿಮಿಷ ಒಲೆಯ ಮೇಲೆ ಚೆನ್ನಾಗಿ ಕುದಿಸಬೇಕು, ಪಾತ್ರೆ ಮುಕ್ಕಾಲು ತುಂಬಿರಬೇಕು. ಅರ್ಧ ಖಾಲಿ ಇದ್ದರೆ ಬೇಗ ಆರಿಹೋಗುತ್ತದೆ.

ಯಾವುದಕ್ಕೆ ಒಗ್ಗುತ್ತದೆ, ಯಾವುದಕ್ಕೆ ಇಲ್ಲ

ಭುಜ, ತೊಡೆ, ಕಾಲಿನಂಥ ಗಟ್ಟಿ ಭಾಗಗಳ ಮಾಂಸ ಇದಕ್ಕೆ ಹೇಳಿ ಮಾಡಿಸಿದ್ದು. 4–5 ಸೆಂಟಿಮೀಟರ್ ತುಂಡುಗಳಾದರೆ ‘ಲೋ’ದಲ್ಲಿ ಎಂಟು ಗಂಟೆ, ‘ಹೈ’ನಲ್ಲಿ ನಾಲ್ಕರಿಂದ ಐದು. ಮೂಳೆಯಿರುವ ಕೋಳಿ ತೊಡೆಗೆ ‘ಲೋ’ದಲ್ಲಿ ಐದಾರು ಗಂಟೆ ಹಿಡಿದರೆ, ಎದೆಭಾಗಕ್ಕೆ ಮೂರು ಸಾಕು. ಹಾಗಾಗಿ ಇಡೀ ದಿನ ಹೊರಗಿರುವವರಿಗೆ ಎದೆಭಾಗ ಬೇಡವೇ ಬೇಡ. ರಾತ್ರಿ ನೆನೆಸಿದ ಕಾಬೂಲಿ ಕಡಲೆ ‘ಹೈ’ನಲ್ಲಿ ಮೂರ್ನಾಲ್ಕು ಗಂಟೆಗೆ ಬೇಯುತ್ತದೆ. ಮೂಳೆ ಸೂಪು, ತರಕಾರಿ ಸೂಪು, ಟೊಮೆಟೊ ಸಾಸ್ ಎಲ್ಲವೂ ಚೆನ್ನ. ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯ ಜೊತೆ ತುಂಬಿ ‘ಲೋ’ದಲ್ಲಿ ಎಂಟು-ಹತ್ತು ಗಂಟೆ ಬಿಟ್ಟರೆ ಕಂದು ಬಣ್ಣದ, ಸಿಹಿಯಾದ ಮುದ್ದೆ ಸಿಗುತ್ತದೆ. ಬಾಣಲೆಯ ಮುಂದೆ ನಿಂತು ಮಾಡಿದಷ್ಟು ಘಮ ಬರುವುದಿಲ್ಲ, ಆದರೆ ಕೈನೋವೂ ಇಲ್ಲ.

ಅಕ್ಕಿ ಮತ್ತು ಪಾಸ್ತಾ ಇದರಲ್ಲಿ ಅಂಟಂಟು ಗಂಜಿಯಾಗುತ್ತವೆ. ಅವನ್ನು ಬೇರೆಯೇ ಬೇಯಿಸಿ ಕೊನೆಗೆ ಸೇರಿಸಬೇಕು. ಮೀನನ್ನು ಕೊನೆಯ ಅರ್ಧ-ಮುಕ್ಕಾಲು ಗಂಟೆಯಲ್ಲಿ ಹಾಕಿದರೆ ಸಾಕು. ಹಾಲು, ಕ್ರೀಮ್, ಮೊಸರು ಮೊದಲೇ ಹಾಕಿದರೆ ಒಡೆಯುತ್ತವೆ, ಅವಕ್ಕೂ ಕೊನೆಯ ಅರ್ಧ ಗಂಟೆಯೇ. ಸೊಪ್ಪು, ಬಟಾಣಿ ಹಾಗೆಯೇ. ಗರಿಗರಿ ಬೇಕೆನ್ನುವ ಯಾವುದನ್ನೂ ಇದರಿಂದ ನಿರೀಕ್ಷಿಸಬೇಡಿ.

ಒಂದು ಅಡುಗೆ, ಮೊದಲಿಂದ ಕೊನೆವರೆಗೆ

3.5 ಲೀಟರ್ ಪಾತ್ರೆಗೆ ಲೆಕ್ಕ: 1 ಕಿಲೋ ಮಾಂಸ, 2 ಈರುಳ್ಳಿ, 300 ಗ್ರಾಂ ಆಲೂಗೆಡ್ಡೆ, 2 ಕ್ಯಾರೆಟ್, 250 ಮಿಲಿ ನೀರು ಅಥವಾ ಸೂಪು. ಇಷ್ಟಕ್ಕೆ ಪಾತ್ರೆ ಮೂರರಲ್ಲಿ ಎರಡು ಪಾಲು ತುಂಬುತ್ತದೆ, ಅದೇ ಸರಿಯಾದ ಮಟ್ಟ. ಅರ್ಧಕ್ಕಿಂತ ಕಡಿಮೆ ತುಂಬಿದರೆ ಅಂಚು ಸೀಯುತ್ತದೆ, ಬಾಯಿಮಟ್ಟ ತುಂಬಿದರೆ ನಡುಭಾಗ ಬಿಸಿಯಾಗಲು ತೀರಾ ತಡವಾಗುತ್ತದೆ.

ಆಲೂಗೆಡ್ಡೆ, ಕ್ಯಾರೆಟ್ ತಳಕ್ಕೆ, ಗೋಡೆಯ ಬದಿಗೆ. ಮಾಂಸ ಅವುಗಳ ಮೇಲೆ. ತಲೆಕೆಳಗಾದ ಕ್ರಮ ಎನಿಸೀತು, ಆದರೆ ಕಾರಣವಿದೆ. ಗೆಡ್ಡೆಗಳಿಗೆ ಗಟ್ಟಿತನ ಕೊಡುವ ಪೆಕ್ಟಿನ್ ಸಡಿಲವಾಗಲು 85 ಡಿಗ್ರಿ ದಾಟಬೇಕು, ಮಾಂಸದ ಕೊಲಾಜೆನ್‌ಗೆ ಅದಕ್ಕಿಂತ ಕಡಿಮೆ ಸಾಕು. ಆ ಬಿಸಿ ಮೊದಲು ಹತ್ತುವುದು ಗೋಡೆಯ ಪಕ್ಕದಲ್ಲಿ. ಮಾಂಸ ಬೆಂದು ಬೆಣ್ಣೆಯಾಗಿದೆ, ಆಲೂಗೆಡ್ಡೆ ಮಾತ್ರ ಹಸಿ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ ತಪ್ಪು. ಟೊಮೆಟೊ, ವಿನೆಗರ್ ಮುಂತಾದ ಹುಳಿ ಹೆಚ್ಚಾದರೂ ಗೆಡ್ಡೆ, ಕಾಳು, ಈರುಳ್ಳಿ ಬೇಗ ಮೆತ್ತಗಾಗುವುದಿಲ್ಲ. ಅವು ಬೆಂದ ಮೇಲೆ ಹುಳಿ ಬೆರೆಸಿ.

ಬಾಣಲೆಯ ಕೆಲಸ ತಪ್ಪಿಸಬಹುದೇ? ತಪ್ಪಿಸಬಹುದು, ಅದರ ಫಲ ರುಚಿಯಲ್ಲಿ ಗೊತ್ತಾಗುತ್ತದೆ. ಮಾಂಸ ಕೆಂಪಗಾಗಿ ಘಮ ಬರಲು ಅದರ ಮೇಲ್ಮೈ 140 ಡಿಗ್ರಿಯ ಆಸುಪಾಸಿಗೆ ಏರಬೇಕು. ನೀರಿರುವ ಪಾತ್ರೆಯಲ್ಲಿ ಅದು ಆಗದ ಮಾತು. ಬಾಣಲೆ ಚೆನ್ನಾಗಿ ಕಾಯಿಸಿ, ಮಾಂಸವನ್ನು ಎರಡು ಕಂತಿನಲ್ಲಿ ಕೆಂಪಗೆ ಹುರಿದು, ಅದೇ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಪುಡಿಯನ್ನು ಹಸಿ ವಾಸನೆ ಹೋಗುವ ತನಕ ಬಾಡಿಸಿ, ಆ 250 ಮಿಲಿ ನೀರನ್ನು ಬಾಣಲೆಗೇ ಸುರಿದು ತಳಕ್ಕೆ ಅಂಟಿದ್ದನ್ನು ಕೆರೆದು ಕುದಿಸಿ ಸ್ಲೋ ಕುಕ್ಕರ್‌ಗೆ ಹಾಕಿ. ಹದಿನೈದು ನಿಮಿಷದ ಕೆಲಸ. ರಸ ಬಿಸಿಯಾಗಿಯೇ ಒಳಗೆ ಹೋಗುವುದರಿಂದ ಆರಂಭದ ನಿಧಾನವೂ ಕಡಿಮೆಯಾಗುತ್ತದೆ. ಮಸಾಲೆ ಪುಡಿಯ ಪರಿಮಳ ಎಂಟು ಗಂಟೆಯಲ್ಲಿ ಮಂಕಾಗುತ್ತದೆ, ಅದಕ್ಕೇ ಸ್ವಲ್ಪ ಎತ್ತಿಟ್ಟುಕೊಂಡು ಕೊನೆಗೆ ಹಾಕಬೇಕು. ಚಕ್ಕೆ, ಲವಂಗದ ಕಥೆ ತಿರುಗಮುರುಗ. ಅವು ರಸಕ್ಕೆ ಇಳಿಯುತ್ತಲೇ ಇರುತ್ತವೆ, ಎಂದಿನ ಅರ್ಧದಷ್ಟೇ ಸಾಕು.

ಆಮೇಲೆ ಮುಚ್ಚಳ ಮುಟ್ಟಬೇಡಿ. ಒಂದು ಸಲ ತೆರೆದರೆ ಒಳಗಿನ ಹಬೆ ಹೋಗಿ, ಮತ್ತೆ ಅದೇ ಬಿಸಿಗೆ ಬರಲು ಹದಿನೈದು-ಇಪ್ಪತ್ತು ನಿಮಿಷ ಬೇಕು. ಐದು ಸಲ ಇಣುಕಿದರೆ ಊಟ ಒಂದೂವರೆ ಗಂಟೆ ತಡ.

ನೀರು ನೀರಾಯಿತು ಎನ್ನುವವರಿಗೆ

ಸ್ಲೋ ಕುಕ್ಕರ್‌ನ ಮೇಲಿನ ಮೊದಲ ದೂರೇ ಇದು. ಮುಚ್ಚಳಕ್ಕೆ ಮುಟ್ಟಿದ ಹಬೆ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ. ಒಲೆಯ ಮೇಲಾದರೆ ಒಂದೆರಡು ಲೋಟ ಆರಿಹೋಗುತ್ತಿದ್ದ ನೀರು ಇಲ್ಲಿ ಅಲ್ಲೇ ಇರುತ್ತದೆ. ಜೊತೆಗೆ ಮಾಂಸವೂ ತರಕಾರಿಯೂ ತಮ್ಮ ನೀರು ಬಿಡುತ್ತವೆ. ಒಲೆಯ ಅಡುಗೆಗೆ ಹಾಕುವ ನೀರಿನ ಮೂರನೇ ಒಂದರಿಂದ ಅರ್ಧದಷ್ಟು ಮೊದಲೇ ಕಡಿತ ಮಾಡಿ. ಕಾಳು ಬೇಯಿಸುವಾಗ ಮಾತ್ರ ಈ ಲೆಕ್ಕ ಬೇಡ, ಅವು ನೀರು ಕುಡಿಯುತ್ತವೆ, ಯಾವಾಗಲೂ ಮುಳುಗಿರಬೇಕು.

ಆಗಲೇ ನೀರಾಗಿದ್ದರೆ ಪ್ರತಿ ಲೋಟ ರಸಕ್ಕೆ, ಅಂದರೆ 250 ಮಿಲಿಗೆ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು 2 ಚಮಚ ತಣ್ಣೀರಿನಲ್ಲಿ ಕದಡಿ ಹಾಕಿ, ‘ಹೈ’ನಲ್ಲಿ ಇಪ್ಪತ್ತು ನಿಮಿಷ ಬಿಡಿ. ಮುಚ್ಚಳ ತೆರೆದು ‘ಹೈ’ನಲ್ಲಿ ಇಂಗಿಸುತ್ತೇನೆಂದರೆ 200 ವ್ಯಾಟ್‌ಗೆ ಅಷ್ಟು ಕಸುವಿಲ್ಲ. ರಸವನ್ನು ಬಾಣಲೆಗೆ ಬಸಿದು ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಕುದಿಸುವುದೇ ಒಳ್ಳೆಯದು, ರುಚಿಯೂ ಗಟ್ಟಿಯಾಗುತ್ತದೆ.

ಒಲೆಯ ಅಡುಗೆಯನ್ನು ಇದಕ್ಕೆ ಹೊಂದಿಸಲು ಒಂದು ಅಂದಾಜು: ಒಲೆಯಲ್ಲಿ ಅರ್ಧ ಗಂಟೆಯೊಳಗೆ ಆಗುವುದು ‘ಲೋ’ದಲ್ಲಿ ನಾಲ್ಕರಿಂದ ಆರು ಗಂಟೆ, ಮುಕ್ಕಾಲು ಗಂಟೆಯದು ಆರರಿಂದ ಎಂಟು, ಅದಕ್ಕೂ ಮೇಲ್ಪಟ್ಟದ್ದು ಎಂಟರಿಂದ ಹತ್ತು. ‘ಹೈ’ ಆದರೆ ಇದರ ಸುಮಾರು ಅರ್ಧ.

ಹುಷಾರಾಗಿರಬೇಕಾದ ಕಡೆ

ರಾಜ್ಮಾ, ಅಂದರೆ ಕೆಂಪು ಕಿಡ್ನಿ ಬೀನ್ಸ್, ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಲೇಬಾರದು. ಅದರಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷವಸ್ತುವಿದೆ. ಸರಿಯಾಗಿ ಬೇಯದ ಕೆಲವೇ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ಅರೆಬಿಸಿಯಲ್ಲಿ, 80 ಡಿಗ್ರಿಯಂಥ ಶಾಖದಲ್ಲಿ ಬೆಂದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ವಿಷಕಾರಿಯಾಗಬಲ್ಲದು. ಮೆತ್ತಗಾಗಿದೆ ಎಂದ ಮಾತ್ರಕ್ಕೆ ವಿಷ ಹೋಯಿತು ಎಂದಲ್ಲ. ಕನಿಷ್ಠ ಐದು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕೊತಕೊತ ಅರ್ಧ ಗಂಟೆ ಕುದಿಸಿ, ಆಮೇಲೆ ಸ್ಲೋ ಕುಕ್ಕರ್‌ಗೆ. ಇಷ್ಟೆಲ್ಲ ಮಾಡುವ ಬದಲು ಪ್ರೆಷರ್ ಕುಕ್ಕರ್‌ನಲ್ಲೇ ಪೂರ್ತಿ ಬೇಯಿಸಬಾರದೇ ಎಂದರೆ, ಹೌದು, ರಾಜ್ಮಾಕ್ಕೆ ಅದೇ ಸರಿ. ತಮಾಷೆಯೆಂದರೆ ಈ ಯಂತ್ರದ ಹಿರಿಯಜ್ಜ, ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಪಾತ್ರೆ, ಮಾರಾಟವಾಗಿದ್ದೇ ‘ಬೀನರಿ’ ಎಂಬ ಹೆಸರಿನಲ್ಲಿ. ಅದನ್ನು ಕೊಂಡ ರೈವಲ್ ಕಂಪನಿ 1971ರಲ್ಲಿ ‘ಕ್ರಾಕ್ ಪಾಟ್’ ಎಂದು ಹೆಸರು ಬದಲಿಸಿದ ಮೇಲೆ ಅದು ಮನೆಮಾತಾಯಿತು.

ಎರಡನೆಯದು, ಫ್ರೀಜರ್‌ನಿಂದ ತೆಗೆದ ಮಾಂಸವನ್ನು ಹಾಗೆಯೇ ಹಾಕುವುದು. 4ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಸಲೀಸಾಗಿ ಬೆಳೆಯುತ್ತವೆ. ಗಡ್ಡೆಕಟ್ಟಿದ ಮಾಂಸ ಆ ನಡುವೆಯೇ ಗಂಟೆಗಟ್ಟಲೆ ಕೂರುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿ ಪೂರ್ತಿ ಕರಗಿಸಿಕೊಳ್ಳಿ. ರಾತ್ರಿಯೇ ಎಲ್ಲ ಹೆಚ್ಚಿ ಸೆರಾಮಿಕ್ ಪಾತ್ರೆಯಲ್ಲೇ ತುಂಬಿ ಫ್ರಿಜ್‌ನಲ್ಲಿಡುವ ಉಪಾಯವೂ ಬೇಡ. ತಣ್ಣಗಿನ ಪಾತ್ರೆ ಬೆಳಿಗ್ಗೆ ಕಾಯಲು ಇನ್ನೂ ಹೊತ್ತು ಹಿಡಿಯುತ್ತದೆ, ಥಟ್ಟನೆ ಬಿಸಿ ತಗುಲಿ ಬಿರುಕೂ ಬಿಟ್ಟೀತು. ಹೆಚ್ಚಿದ್ದನ್ನು ಡಬ್ಬಿಗಳಲ್ಲಿಡಿ, ಮಾಂಸ ಬೇರೆ ಡಬ್ಬಿಯಲ್ಲಿ.

ಕರೆಂಟ್ ಹೋದರೆ? ನೀವು ಮನೆಯಲ್ಲಿದ್ದರೆ ಕೂಡಲೇ ಗ್ಯಾಸ್ ಒಲೆಗೆ ವರ್ಗಾಯಿಸಿ ಮುಗಿಸಿ. ಪೂರ್ತಿ ಬೆಂದ ಮೇಲೆ ಹೋಗಿದ್ದರೆ ಎರಡು ಗಂಟೆ ಧೈರ್ಯವಾಗಿರಬಹುದು. ಹೊರಗಿದ್ದಾಗ ಎಷ್ಟು ಹೊತ್ತು ಹೋಗಿತ್ತೆಂದು ಗೊತ್ತಾಗದಿದ್ದರೆ, ನೋಡಲು ಬೆಂದ ಹಾಗಿದ್ದರೂ ಎಸೆಯಬೇಕು. ಕರೆಂಟ್ ಆಗಾಗ ಕೈಕೊಡುವ ಕಡೆ ಸ್ಲೋ ಕುಕ್ಕರ್ ಕೊಳ್ಳದಿರಲು ಇದೊಂದೇ ಕಾರಣ ಸಾಕು.

ಉಳಿದ ಅಡುಗೆಯನ್ನು ಆ ದಪ್ಪ ಪಾತ್ರೆಯಲ್ಲೇ ಆರಲು ಬಿಡಬೇಡಿ, ಅಗಲ ಡಬ್ಬಿಗಳಿಗೆ ಸುರಿದು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆ, ಸ್ಲೋ ಕುಕ್ಕರ್‌ನಲ್ಲಿ ಅಲ್ಲ.

ಕೊಳ್ಳುವುದೇ ಎಂದಾದರೆ

ಡಬ್ಬದ ಮೇಲೆ ಬರೆದ ಲೀಟರ್ ಬಾಯಿಮಟ್ಟದ ಅಳತೆ, ಬಳಕೆಗೆ ಬರುವುದು ಅದರ ಮೂರರಲ್ಲಿ ಎರಡು ಪಾಲು. ಇಬ್ಬರಿಗೆ 2 ಲೀಟರ್, ನಾಲ್ವರಿಗೆ 3.5, ಆರು ಜನಕ್ಕೆ ಅಥವಾ ಎರಡು ದಿನಕ್ಕಾಗುವಷ್ಟು ಮಾಡುವವರಿಗೆ 5–6. ಇರಲಿ ಎಂದು ದೊಡ್ಡದು ಕೊಂಡರೆ ಇಬ್ಬರ ಅಡುಗೆ ಅದರ ತಳದಲ್ಲೇ ಸೀದುಹೋಗುತ್ತದೆ.

ಹೆಚ್ಚು ಹಣ ಕೊಡಲು ಯೋಗ್ಯವಾದ ಸೌಲಭ್ಯ ಒಂದೇ, ಹೊತ್ತು ಮುಗಿದೊಡನೆ ತಾನಾಗಿ ‘ವಾರ್ಮ್’ಗೆ ಇಳಿಯುವ ಟೈಮರ್. ಹತ್ತು ಗಂಟೆ ಹೊರಗಿರುವವರಿಗೆ ಎಂಟು ಗಂಟೆಯ ಅಡುಗೆ ಹದವಾಗಿ ಸಿಗುವುದು ಅದರಿಂದ. ಆದರೆ ‘ವಾರ್ಮ್’ನಲ್ಲೂ ಎರಡು-ನಾಲ್ಕು ಗಂಟೆ ದಾಟದಿದ್ದರೆ ಒಳ್ಳೆಯದು. ತಡವಾಗಿ ಶುರುವಾಗುವ ವ್ಯವಸ್ಥೆ ಇದ್ದರೆ ಹಸಿ ಮಾಂಸವನ್ನು ಅದಕ್ಕೆ ನಂಬಿಸಿ ಹೋಗಬೇಡಿ. ಡಿಜಿಟಲ್ ಮಾದರಿಗಳಲ್ಲಿ ಕೆಲವು ಕರೆಂಟ್ ಹೋಗಿಬಂದರೆ ಆರಿಯೇ ಇರುತ್ತವೆ, ತಿರುಗಿಸುವ ಗುಂಡಿಯವು ಮತ್ತೆ ಹೊತ್ತಿಕೊಳ್ಳುತ್ತವೆ. ಮುಚ್ಚಳಕ್ಕೆ ಕ್ಲಿಪ್ಪು ಇದ್ದರೆ ಅದು ಪಾತ್ರೆ ಸಾಗಿಸಲು, ಬೇಯುವಾಗ ಹಾಕಬಾರದು.

ತಂದ ದಿನವೇ ಪಾತ್ರೆಗೆ ಅರ್ಧದಷ್ಟು ಕಾಯಿಸದ, ಕೋಣೆಯ ಉಷ್ಣತೆಯ ನೀರು ಹಾಕಿ, ಮುಚ್ಚಿ, ‘ಲೋ’ದಲ್ಲಿ ಎಂಟು ಗಂಟೆ ಬಿಡಿ. ಮುಚ್ಚಳ ತೆಗೆದ ಕೂಡಲೇ ಅಡುಗೆಯ ಥರ್ಮಾಮೀಟರ್ ಇಳಿಸಿ ನೋಡಿ, ತಡಮಾಡಿದರೆ ಬಿಸಿ ಇಳಿದುಬಿಡುತ್ತದೆ. 85ರಿಂದ 93 ಡಿಗ್ರಿ ಇದ್ದರೆ ಯಂತ್ರ ಸರಿಯಾಗಿದೆ. ಅದಕ್ಕೂ ಮೇಲಿದ್ದರೆ ನಿಮ್ಮದು ಚುರುಕಿನದು, ಎಂಟು ಗಂಟೆ ಎಂದಿದ್ದ ಕಡೆ ಏಳಕ್ಕೇ ನೋಡಿ. 85 ಮುಟ್ಟದಿದ್ದರೆ ಮಾಂಸ ಬೇಯಿಸಲು ಅದನ್ನು ನಂಬುವಂತಿಲ್ಲ, ರಸೀದಿ ಹಿಡಿದು ಅಂಗಡಿಗೆ ಹಿಂದಿರುಗಿಸಿ.